ಸ್ಲೀವ್ ಆಗಿ ಆರನೇ ವಾರ, ಭಾನುವಾರ ಹೋಟೆಲ್ ಊಟ ಇದೆ. ಏನು ತಿನ್ನಲಿ, ಹೇಗೆ ತಿನ್ನಲಿ?

ನಾಲ್ಕನೇಬ್ಲಾಕ್ · ಮಂಗಳವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 44 ವರ್ಷ. ಒಂಬತ್ತು ವರ್ಷದಿಂದ ಶುಗರ್ ಇದೆ, ಮಂಡಿ ನೋವು ಅದಕ್ಕೂ ಹಳೆಯದು. ತೂಕ ಇಳಿಸಲು ಹೊಟ್ಟೆ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಆಗಿ ಇವತ್ತಿಗೆ ಐದು ವಾರ ಮೂರು ದಿನ. 112 ಕೆಜಿ ಇದ್ದವಳು 101ಕ್ಕೆ ಬಂದಿದ್ದೇನೆ. ಶುಗರ್ ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ. ಆ ವಿಷಯದಲ್ಲಿ ತುಂಬಾ ಖುಷಿ ಇದೆ.

ಈ ಭಾನುವಾರಕ್ಕೆ ನಮ್ಮ ಅತ್ತೆ ಮಾವನ ಮದುವೆಯಾಗಿ 50 ವರ್ಷ. ಮನೆಮಂದಿ 14 ಜನ ಸೇರಿ ಜಯನಗರದ ಒಂದು ವೆಜ್ ಹೋಟೆಲ್‌ನಲ್ಲಿ ಮಧ್ಯಾಹ್ನ ಊಟ ಅಂತ ಮಾತಾಗಿದೆ. ಆಪರೇಷನ್ ವಿಷಯ ಗೊತ್ತಿರುವುದು ನಮ್ಮ ಮನೆಯವರಿಗೆ, ಮಗಳಿಗೆ, ತಂಗಿಗೆ, ಅತ್ತೆಗೆ. ಅಷ್ಟೇ. ಹೋಗದೆ ಇರುವ ಹಾಗಿಲ್ಲ, ನನಗೂ ಹೋಗಬೇಕು ಅಂತ ಆಸೆ ಇದೆ.

ಭಯ ಯಾಕೆ ಅಂದರೆ, ಮೂರೂವರೆ ವಾರದಲ್ಲಿ ಒಂದು ತಪ್ಪು ಮಾಡಿದೆ. ಆಗ ನನಗೆ ರುಬ್ಬಿದ ಊಟ ಮಾತ್ರ ಹೇಳಿದ್ದರು. ಚೆಕಪ್ ಮುಗಿಸಿ ಬರುವಾಗ ನಮ್ಮವರಿಗೆ ಹಸಿವಾಗಿ ಒಂದು ದರ್ಶಿನಿಯ ಹತ್ತಿರ ಗಾಡಿ ನಿಲ್ಲಿಸಿದರು, ಖಾರಾಬಾತ್ ತಗೊಂಡರು, ಆ ತುಪ್ಪದ ವಾಸನೆಗೆ ನನ್ನ ಕೈಯೇ ಚಮಚದ ಹತ್ತಿರ ಹೋಯಿತು. ಎರಡು ಚಮಚ ತಿಂದೆ. ಹೋಟೆಲ್‌ನ ದೊಡ್ಡ ಸ್ಟೀಲ್ ಚಮಚ. ಎರಡನೆಯದು ಇಳಿಯಲೇ ಇಲ್ಲ. ಎದೆಯ ಮಧ್ಯ ಕಲ್ಲು ಕೂತ ಹಾಗಾಯಿತು. ಬಾಯಿ ತುಂಬಾ ಜೊಲ್ಲು, ನೊರೆ ನೊರೆಯಾಗಿ. ಕೈ ತೊಳೆಯುವ ಬೇಸಿನ್ ಹಿಡಿದುಕೊಂಡು ಹತ್ತು ನಿಮಿಷ ನಿಂತಿದ್ದೆ, ಹಿಂದೆ ಜನ ಕೈ ತೊಳೆಯಲು ಕಾಯುತ್ತಿದ್ದರು. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ಮೆತ್ತಗಿನ ಊಟ ಶುರುವಾಗಿ ನಾಲ್ಕು ದಿನ ಆಯಿತು. ಮನೆಯಲ್ಲಿ ಸರಿಹೋಗುತ್ತಿದೆ. ಆದರೆ ಹೋಟೆಲ್‌ನಲ್ಲಿ 14 ಜನರ ಮುಂದೆ ಏನು ಆರ್ಡರ್ ಮಾಡಲಿ? ಬಡಿಸಿದ್ದನ್ನು ಹೇಗೆ ಬಿಡಲಿ? ನೆಂಟರು ಕೇಳಿದರೆ ಏನು ಹೇಳಲಿ? ಎಲೆಯಲ್ಲಿ ಒಂದು ಅಗುಳೂ ಬಿಡಬಾರದು ಅಂತ ನಮ್ಮಮ್ಮ ಹೇಳಿ ಹೇಳಿ ಬೆಳೆಸಿದ್ದಾರೆ. ಈಗ ನನಗೆ ಐದು ಚಮಚಕ್ಕೆ ಸಾಕಾಗುತ್ತದೆ. ಉಳಿದದ್ದನ್ನು ನೋಡಿದರೆ ಹೊಟ್ಟೆಯೊಳಗೆ ಸಂಕಟ.

ಹುಬ್ಬಳ್ಳಿ2021 · ಮಂಗಳವಾರ ರಾತ್ರಿ 11:25

ಮೊದಲು ಆ ಬೇಸಿನ್ ವಿಷಯ. ಅಕ್ಕಾ, ಅದು ನಮ್ಮಲ್ಲಿ ಬಹಳ ಜನಕ್ಕೆ ಆಗಿದೆ. ನನ್ನ ಸ್ಲೀವ್ ಆದದ್ದು 2021ರಲ್ಲಿ. ನನಗೆ ಆದದ್ದು ಆಫೀಸಿನ ಕ್ಯಾಂಟೀನ್‌ನಲ್ಲಿ, ಏಳನೇ ವಾರ, ಚಪಾತಿಯ ಒಂದು ಚೂರಿಗೆ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಮೂರೂವರೆ ವಾರಕ್ಕೆ ಖಾರಾಬಾತ್ ತಿಂದದ್ದು ಅಪಾಯವೇ ಆಗಿತ್ತು, ಅದನ್ನು ಹೇಳದೆ ಇರಲಾರೆ. ಒಳಗೆ ಉದ್ದಕ್ಕೂ ಪಿನ್ ಹಾಕಿ ಮುಚ್ಚಿರುತ್ತಾರೆ, ಆ ಗಾಯ ಮಾಗುವ ಕಾಲ ಅದು. ಆಗ ವಾಂತಿ ಮಾಡಿಕೊಂಡು ಒತ್ತಡ ಹಾಕಬಾರದು.

ಯಾಕೆ ಸಿಕ್ಕಿಕೊಂಡಿತು ಅಂದರೆ, ಹೊಟ್ಟೆಯ ಮುಕ್ಕಾಲು ಪಾಲು ಈಗ ಇಲ್ಲ. ಉಳಿದಿರುವುದು ಬಾಳೆಹಣ್ಣಿನ ಹಾಗೆ ಒಂದು ಸಣ್ಣ ಕೊಳವೆ, ಅದೂ ಇನ್ನೂ ಊದಿಕೊಂಡಿದೆ. ರವೆ ಅಂಟಂಟಾಗಿ ಉಂಡೆ ಆಗುತ್ತದೆ. ಜೊತೆಗೆ ನೀವು ನಿಂತುಕೊಂಡು ತಿಂದಿರಿ. ದರ್ಶಿನಿಯಲ್ಲಿ ಯಾರು ನಿಧಾನಕ್ಕೆ ತಿನ್ನುತ್ತಾರೆ ಹೇಳಿ. ಪಕ್ಕದಲ್ಲಿ ಇನ್ನೊಬ್ಬ ತಟ್ಟೆ ಇಡಲು ಜಾಗ ನೋಡುತ್ತಿರುತ್ತಾನೆ. ಹಾಗಾಗಿ ಇನ್ನು ಮೂರು ತಿಂಗಳು ನಿಂತು ತಿನ್ನುವ ಜಾಗಕ್ಕೆ ಹೋಗಲೇಬೇಡಿ, ನಿಮ್ಮವರಿಗೆ ಹಸಿವಾದರೆ ಅವರು ತಿಂದು ಬರಲಿ, ನೀವು ಕಾರಿನಲ್ಲಿ ಕೂತಿರಿ.

ಭಾನುವಾರದ್ದು ಅದಕ್ಕಿಂತ ಸುಲಭ, ನಿಜವಾಗಿ ಹೇಳುತ್ತಿದ್ದೇನೆ. 14 ಜನ ಅಂದರೆ ದಾಲ್, ಪನೀರ್, ಪಲ್ಯ ಎಲ್ಲಾ ಮಧ್ಯದಲ್ಲಿ ಇಟ್ಟು ಹಂಚಿಕೊಳ್ಳುತ್ತಾರೆ. ಯಾರು ಎಷ್ಟು ಹಾಕಿಕೊಂಡರು ಅಂತ ಯಾರೂ ಎಣಿಸುವುದಿಲ್ಲ. ಊಟದ ಥಾಲಿ ಮಾತ್ರ ಬೇಡ. ಥಾಲಿ ಬಂದರೆ 12 ಬಟ್ಟಲು ನಿಮ್ಮ ಮುಂದೆಯೇ ಇರುತ್ತವೆ, ಬಡಿಸುವವನು ಬಂದು ಬಂದು ಕೇಳುತ್ತಾನೆ, ಬಿಟ್ಟದ್ದು ಎದ್ದು ಕಾಣುತ್ತದೆ.

ಮನೆಯಿಂದ ಒಂದು ಸಣ್ಣ ಚಮಚ ತಗೊಂಡು ಹೋಗಿ. ಮಗುವಿಗೆ ತಿನ್ನಿಸುವಂಥದ್ದು. ನನ್ನ ಬ್ಯಾಗಿನಲ್ಲಿ ಅದು ಎರಡು ವರ್ಷ ಇತ್ತು. ಒಂದು ಚಮಚ ಬಾಯಿಗೆ ಹಾಕಿ, ಚಮಚ ಕೆಳಗೆ ಇಟ್ಟು, ಬಾಯಲ್ಲೇ ಗಂಜಿ ಆಗುವ ತನಕ ಅಗಿದು, ಅದು ಇಳಿಯಿತು ಅಂತ ಗೊತ್ತಾದ ಮೇಲೆ ಮುಂದಿನದು. ಮೊದಲ ಮೂರು ತುತ್ತಿನಲ್ಲಿ ಅವಸರ ಮಾಡದಿದ್ದರೆ ಸಾಮಾನ್ಯವಾಗಿ ಉಳಿದದ್ದು ಸರಾಗ.

ಇನ್ನೊಂದು. ಹೊಟ್ಟೆ ತುಂಬಿತು ಅನ್ನುವುದು ಈಗ ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ನನಗೆ ಮೂಗು ಸೋರುತ್ತಿತ್ತು. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಒಂದು ದೊಡ್ಡ ನಿಟ್ಟುಸಿರು. ಅದು ಬಂದ ಮೇಲೆ ಒಂದೇ ಒಂದು ತುತ್ತು ಕೂಡ ಬೇಡ. ಬೇಸಿನ್‌ವರೆಗೆ ಕರೆದುಕೊಂಡು ಹೋಗುವುದು ಯಾವಾಗಲೂ ಆ ಕೊನೆಯ ತುತ್ತೇ.

ಮೈಸೂರು_ಡಯಟ್ · ಬುಧವಾರ ಬೆಳಿಗ್ಗೆ 7:10

ನಾನು ಡಯಟೀಷಿಯನ್, ಬ್ಯಾರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್ ಆದವರನ್ನೇ ಜಾಸ್ತಿ ನೋಡುತ್ತೇನೆ. ನಿಮ್ಮ ಆಸ್ಪತ್ರೆಯ ಚಾರ್ಟ್ ಏನು ಹೇಳುತ್ತದೋ ಅದೇ ಮೊದಲು, ನನ್ನ ಮಾತು ಆಮೇಲೆ. ಮಾಮೂಲಿಯಾಗಿ ಎರಡು ವಾರ ಬರೀ ದ್ರವ, ಮುಂದೆ ಎರಡು ವಾರ ರುಬ್ಬಿದ್ದು, ಐದನೇ ವಾರದಿಂದ ಮೆತ್ತಗಿನದು, ಎಂಟರ ಹೊತ್ತಿಗೆ ನಿಧಾನವಾಗಿ ಎಲ್ಲರ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಶುಗರ್ ಇರುವುದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಎಲ್ಲಕ್ಕಿಂತ ಮುಖ್ಯ. ಇಂಥ ಊಟ ಒಂದು ಗಂಟೆಗೆ ಅಂದರೆ ತಟ್ಟೆ ಬರುವಾಗ ಎರಡೂವರೆ ಆಗಿರುತ್ತದೆ. ಮಾತ್ರೆ ತಗೊಂಡು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಕೂತರೆ ಕೆಲವು ಮಾತ್ರೆಗಳಲ್ಲಿ ಶುಗರ್ ತೀರಾ ಇಳಿದುಬಿಡಬಹುದು. ನಿಮ್ಮ ಮಾತ್ರೆ ಆ ಜಾತಿಯದಾ ಅಂತ ನಾಳೆಯೇ ಫೋನ್ ಮಾಡಿ ಡಾಕ್ಟರ್ ಹತ್ತಿರ ಕೇಳಿ. ಮತ್ತೆ ನಿಮ್ಮ ಮಧ್ಯಾಹ್ನದ ಊಟವನ್ನು ನಿಮ್ಮ ಹೊತ್ತಿಗೆ ಸರಿಯಾಗಿ ಮನೆಯಲ್ಲೇ ಅರ್ಧ ಮಾಡಿಕೊಂಡು ಹೋಗಿ. ಹಸಿದುಕೊಂಡು ಹೋಟೆಲ್ ಒಳಗೆ ಕಾಲಿಡಬೇಡಿ. ಹಸಿದವರು ಬೇಗ ಬೇಗ ತಿನ್ನುತ್ತಾರೆ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಹೋಗಬೇಕು. ಹೊಟ್ಟೆಯಲ್ಲಿ ಇರುವ ಜಾಗ ಕೆಲವು ಚಮಚದ್ದು. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ ಪ್ರೋಟೀನ್. ಸಾಂಬಾರಿನಲ್ಲಿ ನೆನೆದ ಇಡ್ಲಿ ಮೆತ್ತಗೆ ಇಳಿಯುತ್ತದೆ ನಿಜ, ಆದರೆ ಅದೊಂದಕ್ಕೇ ಹೊಟ್ಟೆ ತುಂಬಿಹೋಗುತ್ತದೆ. ಅದಕ್ಕೇ ದಾಲ್ ಮೊದಲು. ಖಾರ ಕಡಿಮೆ ಮಾಡಿ, ಒಗ್ಗರಣೆ ಮೆಣಸಿನಕಾಯಿ ಬೇಡ ಅಂತ ಹೇಳಿ. ಆಮೇಲೆ ಪನೀರ್, ಗ್ರೇವಿಯಿಂದ ಎತ್ತಿ ಫೋರ್ಕ್‌ನಲ್ಲಿ ಪುಡಿ ಮಾಡಿಕೊಂಡು. ಆಮೇಲೆ ಗಟ್ಟಿ ಮೊಸರು. ಅನ್ನ ಈ ಸಲ ಇಲ್ಲದಿದ್ದರೂ ಪರವಾಗಿಲ್ಲ.

ಸೂಪ್ ಬಗ್ಗೆ ಎಲ್ಲರೂ ಮೋಸ ಹೋಗುತ್ತಾರೆ. ಹೋಟೆಲ್‌ನ ಟೊಮ್ಯಾಟೊ ಸೂಪ್‌ನಲ್ಲಿ ಕಾರ್ನ್‌ಫ್ಲೋರ್, ಸಕ್ಕರೆ, ಕೆನೆ ಎಲ್ಲಾ ಇರುತ್ತದೆ. ತೆಳು ಸೂಪ್ ಆದರೂ ಅದು ಜಾಗ ತಿನ್ನುತ್ತದೆ. ಸೂಪ್ ಕುಡಿದರೆ ದಾಲ್ ಹೋಗುವುದಿಲ್ಲ. ಎರಡರಲ್ಲಿ ಒಂದು. ನೀರು ಊಟಕ್ಕೆ ಅರ್ಧ ಗಂಟೆ ಮುಂಚೆ ನಿಲ್ಲಿಸಿ, ಊಟ ಮುಗಿದು ಅರ್ಧ ಗಂಟೆ ಆದ ಮೇಲೆ ಶುರು ಮಾಡಿ. ಸೋಡಾ ಹಾಕಿದ್ದು ಏನೂ ಬೇಡ, ಸ್ಟ್ರಾ ಬೇಡ. ಕೋಸಂಬರಿ ಒಳ್ಳೆಯದು ಅಂತ ಅನ್ನಿಸುತ್ತದೆ, ಆದರೆ ಹಸಿ ಕ್ಯಾರೆಟ್, ಹಸಿ ಬೇಳೆ ನಿಮಗೆ ಇನ್ನೂ ಕೆಲವು ವಾರ ಬೇಡ. ನಾನ್, ಕುಲ್ಚಾ, ಗೋಬಿ ಮಂಚೂರಿ ಕಡೆ ನೋಡಲೂ ಬೇಡಿ.

ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ: ಒಂದು ದಿನ ಪೂರ್ತಿ ನೀರು ಕೂಡ ನಿಲ್ಲದಿದ್ದರೆ, ಜ್ವರ, ಜೋರು ಎದೆಬಡಿತ, ಹೊಟ್ಟೆ ನೋವು ಇದ್ದರೆ, ಮನೆ ಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ದಿನಗಟ್ಟಲೆ ವಾಂತಿ ಆದರೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಬೇಗ ಖಾಲಿಯಾಗುತ್ತದೆ, ಅದರಿಂದ ನರಗಳಿಗೆ ಪೆಟ್ಟು ಬೀಳುತ್ತದೆ. ಬೇರೆ ಆಸ್ಪತ್ರೆಗೆ ಹೋದರೆ ಡ್ರಿಪ್ ಹಾಕುವ ಮೊದಲೇ ಸ್ಲೀವ್ ಆಗಿದೆ ಅಂತ ಹೇಳಿ.

ಮದ್ದೂರು_ಬೈಪಾಸ್ · ಬುಧವಾರ ಬೆಳಿಗ್ಗೆ 9:35

ನಂದು ಬೈಪಾಸ್, ಹಾರ್ಟಿನದಲ್ಲ, ಹೊಟ್ಟೆಯನ್ನು ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವುದು. ಎರಡು ವರ್ಷ ಆಯಿತು. ಹೊಟ್ಟೆ ಚೀಲ ಶುರುವಿನಲ್ಲಿ 30 ಎಂಎಲ್ ಅಂತ ಹೇಳಿದ್ದರು, ಕಾಫಿ ಅಂಗಡಿಯ ಸಣ್ಣ ಲೋಟದ ಅರ್ಧವೂ ಇಲ್ಲ.

ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ, ಇಲ್ಲಿ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಮುದ್ದೆ. ಅದನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮೂರು ವರ್ಷದ ಮಗುವಿನಿಂದ ಹಾಗೇ ಕಲಿತಿರುತ್ತೇವೆ, ಅಗಿದರೆ ಹಿರಿಯರು ನಗುತ್ತಾರೆ. ಆಪರೇಷನ್ ಆದ ಮೇಲೆ ಎಲ್ಲವನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ ಅಂತ ಹೇಳುತ್ತಾರೆ. ತಲೆಗೆ ಗೊತ್ತಿದೆ, ಗಂಟಲಿಗೆ ಗೊತ್ತಿಲ್ಲ.

ಎರಡೂವರೆ ತಿಂಗಳಿಗೆ ಗೆಳೆಯರ ಜೊತೆ ಒಂದು ಮಿಲಿಟರಿ ಹೋಟೆಲ್‌ಗೆ ಹೋಗಿದ್ದೆ. ನಾಟಿಕೋಳಿ ಸಾರು ಮಾತ್ರ ಕುಡಿಯುತ್ತೇನೆ ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದು. ಬಿಸಿ ಮುದ್ದೆ ಮುಂದೆ ಬಂತು. ಹುಣಸೆಹಣ್ಣಿನ ಗಾತ್ರದ್ದು ಒಂದು ಮುರಿದೆ, ಮಾತಾಡುತ್ತಾ ಮಾತಾಡುತ್ತಾ ಅದ್ದಿ ನುಂಗಿಬಿಟ್ಟೆ. ಒಂದೇ ಒಂದು. 40 ನಿಮಿಷ ಹೊರಗೆ ಕಟ್ಟೆ ಮೇಲೆ ಎದೆ ಹಿಡಿದುಕೊಂಡು ಕೂತಿದ್ದೆ. ನನ್ನ ಗೆಳೆಯ ಹಾರ್ಟ್ ಅಟ್ಯಾಕ್ ಅಂತ ಹೆದರಿ ಆಟೋ ತಂದುಬಿಟ್ಟಿದ್ದ. ಆಮೇಲೆ ಒಂದು ವರ್ಷ ಮುದ್ದೆ ಮುಟ್ಟಲಿಲ್ಲ. ರಾಗಿ ಬೇಕು ಅನ್ನಿಸಿದರೆ ತೆಳ್ಳಗೆ ಅಂಬಲಿ ಮಾಡಿ ಮಜ್ಜಿಗೆ ಹಾಕಿಕೊಂಡು ಕುಡಿಯುತ್ತಿದ್ದೆ.

ಸಿಹಿ ಬಗ್ಗೆಯೂ ಹೇಳಿಬಿಡುತ್ತೇನೆ. 50ನೇ ವರ್ಷದ ಊಟ ಅಂದರೆ ಜಾಮೂನು ಬರುತ್ತದೆ. ಬೈಪಾಸ್‌ನವರಿಗೆ ಡಂಪಿಂಗ್, ಅಂದರೆ ಸಿಹಿ ಬೇಗ ಕರುಳಿಗೆ ಇಳಿದು ಆಗುವ ಸಂಕಟ, ಜಾಸ್ತಿ, ಸ್ಲೀವ್‌ನವರಿಗೂ ಆಗುತ್ತದೆ. ನನಗೆ ಅರ್ಧ ಹೋಳಿಗೆಗೆ ಇಪ್ಪತ್ತು ನಿಮಿಷದಲ್ಲಿ ಬೆವರು, ಎದೆ ಡವಡವ, ಹೊಟ್ಟೆ ಕಿವುಚಿದ ಹಾಗೆ, ಮಲಗಿದರೆ ಸಾಕು ಅನ್ನಿಸಿತ್ತು. ಮದುವೆ ಮನೆಯ ಗದ್ದಲದಲ್ಲಿ ಮಲಗುವುದೆಲ್ಲಿ.

ಮಲೆನಾಡು_ಮಳೆ · ಬುಧವಾರ ಬೆಳಿಗ್ಗೆ 11:02

ಬೇರೆಯವರಿಗೆ ಬೇಜಾರಾದರೂ ಪರವಾಗಿಲ್ಲ, ನನಗೆ ಅನ್ನಿಸಿದ್ದು ಹೇಳುತ್ತೇನೆ. ಆರನೇ ವಾರದಲ್ಲಿ ಹೋಟೆಲ್ ಯಾಕೆ? ಇಷ್ಟು ಖರ್ಚು ಮಾಡಿ, ಇಷ್ಟು ನೋವು ತಿಂದು, ಒಂದು ಊಟಕ್ಕೋಸ್ಕರ ಅಪಾಯ ತಗೊಳ್ಳುವುದಾ? ನಾನು ನಾಲ್ಕು ತಿಂಗಳು ಹೊರಗೆ ಏನೂ ಮುಟ್ಟಲಿಲ್ಲ, ಅಕ್ಕನ ಮಗನ ನಾಮಕರಣಕ್ಕೂ ಹೋಗಲಿಲ್ಲ. ನನಗೆ ಒಂದು ಸಲವೂ ವಾಂತಿ ಆಗಿಲ್ಲ.

ತುಮಕೂರಿನವಳು · ಬುಧವಾರ ಮಧ್ಯಾಹ್ನ 12:20

ಮಲೆನಾಡು_ಮಳೆ ಅವರೇ, ನಿಮ್ಮ ಶಿಸ್ತಿಗೆ ನಿಜವಾಗಿ ಗೌರವ ಇದೆ. ಆದರೆ ಇನ್ನೊಂದು ಬದಿ ಹೇಳಬೇಕು. ಆಪರೇಷನ್ ಆದದ್ದು ನನಗಲ್ಲ, ನಮ್ಮ ಯಜಮಾನರಿಗೆ.

ಆಸ್ಪತ್ರೆಯಿಂದ ಬಂದ ಮೇಲೆ ನಾವು ಎಲ್ಲಾ ಅವರ ಕಣ್ಣಿಗೆ ಬೀಳದ ಹಾಗೆ ತಿನ್ನುತ್ತಿದ್ದೆವು. ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ. ಮಕ್ಕಳಿಗೆ ಅವರ ಮುಂದೆ ಬಿಸ್ಕತ್ತು ಕೂಡ ಮುರಿಯಬೇಡಿ ಅಂತ ಹೇಳಿದ್ದೆ. ಒಳ್ಳೆಯದಕ್ಕೇ ಮಾಡುತ್ತಿದ್ದೇವೆ ಅಂದುಕೊಂಡಿದ್ದೆ. ಒಂದೂವರೆ ತಿಂಗಳಾದ ಮೇಲೆ ಒಂದು ರಾತ್ರಿ ಅವರೇ ಕೇಳಿದರು, "ನಾನೇನು ಈ ಮನೆಯಲ್ಲಿ ಬಾಡಿಗೆಗೆ ಇದ್ದೇನಾ, ನನ್ನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ ಯಾಕೆ?" ನನಗೆ ಉತ್ತರ ಬರಲಿಲ್ಲ.

ಅದರ ಮುಂದಿನ ಭಾನುವಾರ ಎಲ್ಲರೂ ಹೋಟೆಲ್‌ಗೆ ಹೋದೆವು. ಅವರು ಒಂದು ಬಟ್ಟಲು ತೊವ್ವೆ ತರಿಸಿಕೊಂಡರು, ಅದರಲ್ಲಿ ಕಾಲು ಭಾಗ ಹೋಯಿತು. ಆದರೆ ಒಂದು ಗಂಟೆ ನಮ್ಮ ಜೊತೆ ಕೂತು ಮಾತಾಡಿದರು, ಮಗನ ಕ್ರಿಕೆಟ್ ಸೆಲೆಕ್ಷನ್ ವಿಷಯ ಅವರಿಗೆ ಗೊತ್ತಾದದ್ದೇ ಅವತ್ತು. ಊಟಕ್ಕೆ ಹೋಗುವುದು ಅಂದರೆ ಬರೀ ತಿನ್ನುವುದಕ್ಕಲ್ಲ. ನಾಲ್ಕನೇಬ್ಲಾಕ್ ಅಕ್ಕ ಹೋಗಬೇಕು ಅಂತ ಆಸೆ ಇದೆ ಅಂತ ಬರೆದಿದ್ದಾರೆ, ಅವರಿಗೆ ಬೇಕಿರುವುದು ಆ 14 ಜನ.

ಮಲೆನಾಡು_ಮಳೆ · ಬುಧವಾರ ಮಧ್ಯಾಹ್ನ 1:15

ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾಮಕರಣಕ್ಕೆ ಹೋಗದೆ ಇದ್ದದ್ದಕ್ಕೆ ಅಕ್ಕ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನೀವು ಹೇಳಿದ್ದು ಸರಿ ಇರಬಹುದು. ಆದರೆ ಹೋಗುವವರು ಹುಷಾರಾಗಿ ಹೋಗಿ ಅನ್ನುವುದನ್ನು ಬಿಡುವುದಿಲ್ಲ.

ಡಲ್ಲಾಸ್_ಕನ್ನಡತಿ · ಬುಧವಾರ ರಾತ್ರಿ 8:50

ಇಲ್ಲಿ ಅಮೆರಿಕದಲ್ಲಿ ಆಪರೇಷನ್ ಮುಗಿದ ಮೇಲೆ ನನಗೆ ಒಂದು ಸಣ್ಣ ಕಾರ್ಡ್ ಕೊಟ್ಟರು. ಈ ವ್ಯಕ್ತಿಯ ಹೊಟ್ಟೆಯ ಗಾತ್ರ ಕಡಿಮೆ ಮಾಡಲಾಗಿದೆ, ದಯವಿಟ್ಟು ಮಕ್ಕಳ ಊಟ ಅಥವಾ ಅರ್ಧ ಊಟ ಕೊಡಿ ಅಂತ ಅದರಲ್ಲಿ ಬರೆದಿರುತ್ತದೆ. ಹೋಟೆಲ್‌ನವರು ಒಪ್ಪಲೇಬೇಕು ಅಂತ ಕಾನೂನೇನೂ ಇಲ್ಲ, ಆದರೂ ಜಾಸ್ತಿ ಕಡೆ ಒಪ್ಪುತ್ತಾರೆ. ಬಫೆ ಇರುವ ಕಡೆ ಒಮ್ಮೊಮ್ಮೆ ದುಡ್ಡು ಕಡಿಮೆ ಮಾಡುತ್ತಾರೆ.

ಆದರೆ ಕಳೆದ ವರ್ಷ ಬೆಂಗಳೂರಿಗೆ ಬಂದಾಗ ಕಾರ್ಡ್ ಬೇಕೇ ಆಗಲಿಲ್ಲ. ನಮ್ಮೂರಿನಲ್ಲಿ ಬೈ ಟು ಇದೆಯಲ್ಲಾ! ಬೈ ಟು ಸೂಪ್, ಬೈ ಟು ಕಾಫಿ ಅಂತ ಯಾರೂ ಕಾರಣ ಕೇಳದೆ ಎರಡು ಲೋಟ ತಂದು ಇಡುತ್ತಾರೆ. ನಾನು ಅಪ್ಪನ ಜೊತೆ ಎಲ್ಲವನ್ನೂ ಬೈ ಟು ಮಾಡಿಸಿದೆ, ನನ್ನ ಪಾಲಿನ ಮುಕ್ಕಾಲೂ ಅಪ್ಪನಿಗೇ ಹೋಯಿತು. ಅಕ್ಕಾ, ನಿಮ್ಮ ಪಕ್ಕದಲ್ಲಿ ಮಗಳನ್ನು ಕೂರಿಸಿಕೊಳ್ಳಿ. ಒಂದು ತಟ್ಟೆ, ಇಬ್ಬರು. ಬಿಡುವ ಪ್ರಶ್ನೆಯೇ ಬರುವುದಿಲ್ಲ.

ಕರಾವಳಿ_ಗಾಳಿ · ಬುಧವಾರ ರಾತ್ರಿ 9:30

ನಾನ್‌ವೆಜ್ ತಿನ್ನುವವರು ಇದನ್ನು ಓದುತ್ತಿದ್ದರೆ, ಮೊದಲ ಹೋಟೆಲ್ ಊಟಕ್ಕೆ ಚಿಕನ್ ಬೇಡ, ಮೀನು ನೋಡಿ. ಚಿಕನ್ ಎದೆ ಮಾಂಸ ಒಣಗಿ ನಾರು ನಾರಾಗಿ ಸಿಕ್ಕಿಕೊಳ್ಳುತ್ತದೆ. ಕಾಣೆ, ಅಂಜಲ್ ಗಸಿಯಲ್ಲಿ ಬೆಂದದ್ದು ಹೂವಿನ ಹಾಗೆ ಬಿಡುತ್ತದೆ. ತವಾ ಫ್ರೈ ಬೇಡ, ಆ ಮಸಾಲೆಯ ಗಟ್ಟಿ ಪದರ ಇಳಿಯುವುದಿಲ್ಲ. ಮುಳ್ಳು ಜಾಸ್ತಿ ಇರುವ ಮೀನು ಕೂಡ ಬೇಡ. ನೀರುದೋಸೆ ಮೆತ್ತಗಿದೆ ಅಂತ ನಂಬಿ ನಾನು ಕಷ್ಟಪಟ್ಟಿದ್ದೇನೆ, ಒಳಗೆ ಹೋದ ಮೇಲೆ ಅದು ಅಂಟಿಕೊಂಡು ಉಂಡೆ ಆಗುತ್ತದೆ.

ನೆಂಟರಿಗೆ ಏನು ಹೇಳಬೇಕು ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಹೇಳಿಬಿಡಿ. ಮುಚ್ಚಿಟ್ಟರೆ ಪ್ರತಿ ಊಟದಲ್ಲೂ ಒಂದು ಹೊಸ ಸುಳ್ಳು ಬೇಕು.

ಹುಬ್ಬಳ್ಳಿ2021 · ಬುಧವಾರ ರಾತ್ರಿ 10:15

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ದೇಹ ಅವರದು, ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು. ನಾನು ಹೇಳಿದ್ದೆ. ಮುಂದಿನ ಆರು ತಿಂಗಳು ಎಲ್ಲಿ ಹೋದರೂ ನನ್ನ ತಟ್ಟೆ ನೋಡುವುದೇ ಎಲ್ಲರ ಕೆಲಸ. ಒಂದು ಚೂರು ಜಿಲೇಬಿ ಮುಟ್ಟಿದರೆ "ಅಷ್ಟು ದುಡ್ಡು ಸುರಿದು ಇದಾ" ಅನ್ನುತ್ತಿದ್ದರು. 14 ಜನರ ಮುಂದೆ, ಅದೂ ಅತ್ತೆ ಮಾವನ ದಿನ, ಆ ವಿಷಯ ತೆಗೆಯುವುದೇ ಬೇಡ. "ಡಾಕ್ಟರ್ ಸ್ವಲ್ಪ ಸ್ವಲ್ಪವೇ ತಿನ್ನಿ ಅಂದಿದ್ದಾರೆ" ಅನ್ನಿ. ಅದು ಸುಳ್ಳಲ್ಲ. ಎರಡನೇ ಸಲ ಕೇಳಿದರೆ ಮಾತು ಬದಲಾಯಿಸಿ, ಮಾವನ ಮದುವೆಯ ದಿನ ಮಳೆ ಬಂದಿತ್ತಾ ಅಂತ ಕೇಳಿ, ಹಿರಿಯರು ಅರ್ಧ ಗಂಟೆ ಹೇಳುತ್ತಾರೆ.

ಕರಾವಳಿ_ಗಾಳಿ · ಬುಧವಾರ ರಾತ್ರಿ 10:22

ಸರಿ, ನನ್ನ ಮನೆಯವರು ಒಳ್ಳೆಯವರು, ಅದಕ್ಕೇ ಹಾಗೆ ಹೇಳಿದೆ ಅನ್ನಿಸುತ್ತದೆ. ಎಲ್ಲರ ಮನೆ ಒಂದೇ ಥರ ಇರುವುದಿಲ್ಲ.

ನಾಲ್ಕನೇಬ್ಲಾಕ್ · ಭಾನುವಾರ ರಾತ್ರಿ 9:05

ಎಲ್ಲರಿಗೂ ಮೊದಲು ಕೈ ಮುಗಿಯುತ್ತೇನೆ. ಹೋಗಿ ಬಂದೆ. ಬೇಸಿನ್ ಹತ್ತಿರ ಹೋದದ್ದು ಕೈ ತೊಳೆಯಲು ಮಾತ್ರ.

ಡಾಕ್ಟರ್‌ಗೆ ಗುರುವಾರ ಫೋನ್ ಮಾಡಿದ್ದೆ. ಮೈಸೂರು_ಡಯಟ್ ಅವರು ಹೇಳಿದ್ದು ಸರಿಯಾಗಿತ್ತು, ಬೆಳಗಿನ ಒಂದು ಮಾತ್ರೆ ಅವತ್ತಿಗೆ ಬೇಡ ಅಂದರು. 12:30ಕ್ಕೆ ಮನೆಯಲ್ಲೇ ಮೂರು ಚಮಚ ಬೇಳೆಕಟ್ಟು, ಸ್ವಲ್ಪ ಮೊಸರು ಮುಗಿಸಿಕೊಂಡು ಹೊರಟೆ. ಊಟ ಟೇಬಲ್‌ಗೆ ಬಂದಾಗ 2:40!

ಮಗಳು ಬಲಕ್ಕೆ, ಅತ್ತೆ ಎಡಕ್ಕೆ. ಸಣ್ಣ ಚಮಚ ಪರ್ಸಿನಲ್ಲಿ ಇತ್ತು, ಬಾಳೆಕಾಯಿ ಚಿಪ್ಸ್ ಸುತ್ತ ಹೋಗುತ್ತಿದ್ದಾಗ ಮೆಲ್ಲಗೆ ತೆಗೆದುಕೊಂಡೆ. ದಾಲ್ ನಮ್ಮ ಕಡೆಗೆ ಬಂದಾಗ ಎರಡು ಸೌಟು ಮಗಳ ತಟ್ಟೆಗೆ ಹಾಕಿಸಿದೆ, ಅದರ ಅಂಚಿನಿಂದ ನಾನು ತಿಂದೆ. ಮೊದಲ ಚಮಚ ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡಿದ್ದೆನೆಂದರೆ ಜೀರಿಗೆಯ ರುಚಿ ಬೇರೆಯಾಗಿ, ಟೊಮ್ಯಾಟೊ ಹುಳಿ ಬೇರೆಯಾಗಿ ಗೊತ್ತಾಯಿತು. 44 ವರ್ಷದಲ್ಲಿ ದಾಲ್ ಅನ್ನು ಹೀಗೆ ತಿಂದೇ ಇರಲಿಲ್ಲ. ನಾಲ್ಕು ಚಮಚ ದಾಲ್, ಪುಡಿ ಮಾಡಿದ ಒಂದು ಪನೀರ್ ತುಂಡಿನ ಅರ್ಧ. ಐದನೇ ಚಮಚ ಎತ್ತಿದೆ, ಅಷ್ಟರಲ್ಲಿ ಮೂಗಿನ ತುದಿ ಒದ್ದೆ ಆಯಿತು. ಹುಬ್ಬಳ್ಳಿಯ ತಮ್ಮ ಹೇಳಿದ್ದು ನೆನಪಾಯಿತು. ಚಮಚದಲ್ಲಿ ಇದ್ದದ್ದನ್ನು ಹಾಗೇ ಮಗಳ ತಟ್ಟೆಗೆ ಹಾಕಿದೆ. ಕೈ ನಡುಗಿತು, ನಿಜ.

ಜಾಮೂನು ಬಂತು. ನಮ್ಮ ದೊಡ್ಡತ್ತೆ, ಮಾವನ ಅಕ್ಕ, ಎದ್ದು ಬಂದು ಬಲವಂತ ಮಾಡಿದರು, ಇವತ್ತಿನ ದಿನ ಬೇಡ ಅನ್ನಬಾರದು ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ತಮ್ಮ ಬಟ್ಟಲು ಮುಂದೆ ಚಾಚಿ "ಅವಳ ಪಾಲಿನದು ನನಗೆ ಹಾಕು, 50 ವರ್ಷ ನಿಮ್ಮ ಮನೆಯಲ್ಲಿ ಇದ್ದದ್ದಕ್ಕೆ ಎರಡು ತಿನ್ನುತ್ತೇನೆ" ಅಂದರು. ಎಲ್ಲರೂ ನಕ್ಕರು, ಮಾತು ಬೇರೆ ಕಡೆ ಹೋಯಿತು. ಮೇಜಿನ ಕೆಳಗೆ ನನ್ನ ಕೈ ಒಮ್ಮೆ ಒತ್ತಿದರು.

ಒಂದು ಕಷ್ಟ ಆದದ್ದನ್ನೂ ಹೇಳಬೇಕು. ಪಕ್ಕದ ಟೇಬಲ್‌ಗೆ ಮಸಾಲೆ ದೋಸೆ ಬಂತು. ಆ ಅಂಚು ಮುರಿಯುವ ಶಬ್ದ ಕೇಳಿದಾಗ ಕಣ್ಣಲ್ಲಿ ನೀರು ಬಂತು. ಹಸಿವಲ್ಲ ಅದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಅಪ್ಪನ ಜೊತೆ ಶನಿವಾರ ಕ್ಯೂ ನಿಂತು ತಿನ್ನುತ್ತಿದ್ದೆ, ಆ ಹುಡುಗಿಯ ನೆನಪಾಯಿತು. ಇನ್ನು ಅದು ಯಾವತ್ತೂ ಇಲ್ಲವಾ ಅನ್ನಿಸಿತು.

ಹುಬ್ಬಳ್ಳಿ2021 · ಭಾನುವಾರ ರಾತ್ರಿ 9:40

ಓದಿ ಬಹಳ ಸಂತೋಷ ಆಯಿತು ಅಕ್ಕಾ. ದೋಸೆಯ ದುಃಖ ನಿಜವಾದದ್ದು, ಅದನ್ನು ನುಂಗಿಕೊಳ್ಳಬೇಡಿ, ಮನೆಯಲ್ಲಿ ಹೇಳಿಕೊಳ್ಳಿ. ಆದರೆ ಯಾವತ್ತೂ ಇಲ್ಲ ಅನ್ನುವುದು ತಪ್ಪು. ನಾನು 14ನೇ ತಿಂಗಳಿಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆ. ಕಾಲು ಭಾಗ. ಅರ್ಧ ಗಂಟೆ ಕೂತು, ಮಧ್ಯದ ಮೆತ್ತಗಿನದು ಮೊದಲು, ಗರಿ ಅಂಚು ಕೊನೆಗೆ. ಉಳಿದದ್ದು ಡ್ರೈವರ್ ತಿಂದ. ಅಪ್ಪ ಇದ್ದರೆ ಅವರನ್ನೂ ಕರೆದುಕೊಂಡು ವಿದ್ಯಾರ್ಥಿ ಭವನಕ್ಕೆ ಹೋಗಿ ಒಂದು ದಿನ. ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ಅಲ್ಲಿ ರಜ.

ನಾಲ್ಕನೇಬ್ಲಾಕ್ · ಭಾನುವಾರ ರಾತ್ರಿ 9:52

ಅಪ್ಪ ಇಲ್ಲ. ಮಗಳನ್ನು ಕರೆದುಕೊಂಡು ಹೋಗುತ್ತೇನೆ.

ಕಲಬುರಗಿ_ಹೊಸಬ · ಸೋಮವಾರ ಬೆಳಿಗ್ಗೆ 6:30

ಎಲ್ಲಾ ಪೂರ್ತಿ ಓದಿದೆ. ನನ್ನ ಸ್ಲೀವ್ ಮುಂದಿನ ಬುಧವಾರ, ಅಂದರೆ ಇನ್ನು ಒಂಬತ್ತು ದಿನ. ಈಗ ಬರೀ ಪ್ರೋಟೀನ್ ಶೇಕ್, ಸಾರು ಅಂತ ಕೊಟ್ಟಿದ್ದಾರೆ. ಗೆಳೆಯರು ಶನಿವಾರ ಕೊನೆಯ ಸಲ ಬಿರಿಯಾನಿ ತಿನ್ನಿಸುತ್ತೇವೆ ಅಂತ ಬುಕ್ ಮಾಡಿದ್ದಾರೆ. ಒಂದೇ ಒಂದು ಊಟ, ನಡೆಯುತ್ತದಾ?

ಮೈಸೂರು_ಡಯಟ್ · ಸೋಮವಾರ ಬೆಳಿಗ್ಗೆ 7:05

ನಡೆಯುವುದಿಲ್ಲ. ಆ ಡಯಟ್ ಕೊಟ್ಟಿರುವುದು ಲಿವರ್ ಸಣ್ಣದಾಗಲಿ ಅಂತ. ಲಿವರ್‌ನ ಎಡಭಾಗ ಹೊಟ್ಟೆಯ ಮೇಲೆಯೇ ಕೂತಿರುತ್ತದೆ, ಸರ್ಜನ್ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಕೊಬ್ಬು ತುಂಬಿ ದಪ್ಪವಾಗಿದ್ದರೆ ದಾರಿ ಕಾಣುವುದಿಲ್ಲ, ಕೆಲವು ಸಲ ಆಪರೇಷನ್ ಮುಂದಕ್ಕೆ ಹಾಕಬೇಕಾಗುತ್ತದೆ. ಗೆಳೆಯರಿಗೆ ಬುಕಿಂಗ್ ಬಿಡಬೇಡಿ ಅಂತ ಹೇಳಿ, ನೀವೂ ಹೋಗಿ, ಶೇಕ್ ಬಾಟಲಿ ತಗೊಂಡು ಹೋಗಿ ಅವರ ಜೊತೆ ಕೂತು ಕುಡಿಯಿರಿ. ಬಿರಿಯಾನಿ ಮುಂದಿನ ವರ್ಷವೂ ಇರುತ್ತದೆ.

ನಾಲ್ಕನೇಬ್ಲಾಕ್ · ಸೋಮವಾರ ಬೆಳಿಗ್ಗೆ 8:15

ಕಲಬುರಗಿಯ ತಮ್ಮಾ, ಆಸ್ಪತ್ರೆಗೆ ಹೋಗುವಾಗ ಒಂದು ಸಣ್ಣ ಚಮಚ ಬ್ಯಾಗಿಗೆ ಹಾಕಿಕೊಳ್ಳಿ. ಅಲ್ಲಿ ಕೊಡುವುದು ದೊಡ್ಡದಿರುತ್ತದೆ. ರೂಮಿಗೆ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.